ಇಳಿಜಾರಿನ ಕಾಡಂಚಿನಲ್ಲಿ ಸಭಾಭವನ: ವಿನ್ಯಾಸ ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ಮರಗಳೂ ಬಂಡೆಗಳೂ ಇರುವ ಇಳಿಜಾರಿನಲ್ಲಿ 200 ಜನ ಕೂರಬಲ್ಲ ಸಭಾಭವನವನ್ನು ವಿನ್ಯಾಸಗೊಳಿಸುತ್ತಿದ್ದೇನೆ. ನೆಲವನ್ನು ಸಮತಟ್ಟು ಮಾಡದೆಯೇ ಕಟ್ಟಡ ಅಲ್ಲಿನದೇ ಎನ್ನಿಸುವಂತೆ ಮಾಡುವುದು ಹೇಗೆ?

ಉತ್ತರ 1: ಇಳಿಜಾರನ್ನೇ ಆಸನಗಳ ಮೆಟ್ಟಿಲಾಗಿಸಿದರೆ ಅಗೆತ ತಗ್ಗುತ್ತದೆ, ಹಿಂದಿನ ಸಾಲಿಗೂ ವೇದಿಕೆ ಕಾಣುತ್ತದೆ. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ 1969ರಲ್ಲಿ ಪೂರ್ಣಗೊಂಡ ಟೆಂಪೆಲಿಯೌಕಿಯೋ ಚರ್ಚನ್ನು ಬಂಡೆಯೊಳಗೇ ಕೊರೆದು, ಒರಟು ಕಲ್ಲನ್ನೇ ಗೋಡೆಯಾಗಿ ಉಳಿಸಿಕೊಂಡಿದ್ದಾರೆ. ಅಲ್ಲೀಗ ಸಂಗೀತ ಕಛೇರಿಗಳೂ ನಡೆಯುತ್ತವೆ.

ಉತ್ತರ 2: ಬಂಡೆ ಕೊರೆಯುವುದು ಎಲ್ಲೆಡೆ ಒಗ್ಗದು. ಅಮೆರಿಕದ ಅರ್ಕಾನ್ಸಾಸ್‌ನಲ್ಲಿ ವಾಸ್ತುಶಿಲ್ಪಿ ಇ. ಫೇ ಜೋನ್ಸ್ ರೂಪಿಸಿದ, ಗಾಜಿನ ಗೋಡೆಗಳ ಥಾರ್ನ್‌ಕ್ರೌನ್ ಚಾಪೆಲ್‌ಗೆ (ಪುಟ್ಟ ಪ್ರಾರ್ಥನಾ ಮಂದಿರ, 1980), ಇಬ್ಬರು ಹೊತ್ತು ಕಾಡುದಾರಿಯಲ್ಲಿ ಸಾಗಿಸಬಲ್ಲಷ್ಟೇ ಅಳತೆಯ ಮರದ ತೊಲೆಗಳನ್ನು ಬಳಸಿದ್ದರಿಂದ ಸುತ್ತಲಿನ ಮರಗಳಿಗೆ ಹೆಚ್ಚು ಧಕ್ಕೆಯಾಗಲಿಲ್ಲ. ಆದರೆ ಗಾಜು ಹೆಚ್ಚಿದಷ್ಟೂ ಹಕ್ಕಿಗಳು ಬಡಿದು ಬೀಳುತ್ತವೆ. ಇದನ್ನು ವಾಸ್ತುಶಿಲ್ಪಿಗಳು ಏಕೋ ಮರೆಯುತ್ತಾರೆ.

ಪ್ರಶ್ನೆ ಕೇಳಿದವರು: ಧನ್ಯವಾದ. ಮೊದಲು ಮರಗಳ ಮತ್ತು ಮಳೆನೀರು ಹರಿಯುವ ಜಾಡಿನ ನಕ್ಷೆ ಮಾಡಿಸುತ್ತೇನೆ.