ಅಪ್‌ಡೇಟ್: ಸೆಸ್ನಾ 150ರ ಪ್ಲಗ್‌ಗೆ ಸೀಸ ಕಟ್ಟುವ ತೊಂದರೆ

ಟೇಕಾಫ್‌ಗೆ ಮುಂಚೆ ಮ್ಯಾಗ್ನೆಟೊ (ಸ್ಪಾರ್ಕ್ ಪ್ಲಗ್‌ಗೆ ಕರೆಂಟ್ ಕೊಡುವ ಭಾಗ) ಪರೀಕ್ಷಿಸಿದರೆ ನನ್ನ ಹಳೇ ಸೆಸ್ನಾ 150 ವಿಮಾನದ ಎಂಜಿನ್ ತಡವರಿಸುತ್ತದೆ, ಇಂಧನಕ್ಕೆ ಟಿಸಿಪಿ (ಸೀಸದ ತೊಂದರೆ ತಗ್ಗಿಸುವ ರಾಸಾಯನಿಕ) ಬೆರೆಸಲೇ ಅಂತ ಹೋದ ತಿಂಗಳು ಕೇಳಿದ್ದೆ.

ಕೆಳಗಿನ ಪ್ಲಗ್‌ಗಳನ್ನು ಬಿಚ್ಚಿಸಿದೆ. ಒಳಗೆ ಸೀಸದ ಉಂಡೆಗಳು, ಸಾಸಿವೆ ಕಾಳಿನ ಹಾಗೆ! ಈ ಒ-200 ಎಂಜಿನ್ ಮಾಡಿದ್ದು 80/87 ಅನ್ನೋ ಹಳೇ ವಿಮಾನ ಇಂಧನಕ್ಕೆ. ಈಗಿನ 100ಎಲ್‌ಎಲ್ ಇಂಧನದಲ್ಲಿ ಅದರ ಸುಮಾರು 4 ಪಟ್ಟು ಸೀಸ ಇರಬಹುದು. ಹೆಸರು ಮಾತ್ರ ‘ಲೋ ಲೆಡ್’ (ಕಡಿಮೆ ಸೀಸ), ನೋಡಿ.

ಪ್ಲಗ್ ಕ್ಲೀನ್ ಮಾಡಿಸಿ ಟಿಸಿಪಿ ಶುರು ಮಾಡಿದೆ. ಅದು ಸೀಸವನ್ನು ಲೆಡ್ ಫಾಸ್ಫೇಟ್ ಮಾಡುತ್ತದೆ. ಅದರಲ್ಲಿ ಕರೆಂಟ್ ಸುಲಭವಾಗಿ ಹರಿಯದು, ಹಾಗಾಗಿ ಪ್ಲಗ್ ಶಾರ್ಟ್ ಆಗುವುದು ಕಡಿಮೆ. ಆದರೆ ಟಿಸಿಪಿ ವಿಷ, ಗ್ಲೌಸ್ ಬೇಕೇ ಬೇಕು. ಜೊತೆಗೆ ಟ್ಯಾಕ್ಸಿ ಮಾಡುವಾಗ (ನೆಲದ ಮೇಲೆ ಓಡಿಸುವಾಗ) ಮಿಕ್ಸ್ಚರ್ ಚೆನ್ನಾಗಿ ಲೀನ್ ಮಾಡುತ್ತಿದ್ದೇನೆ, ಅಂದರೆ ಗಾಳಿಗೆ ಬೆರೆಯುವ ಇಂಧನ ಕಡಿಮೆ ಮಾಡುತ್ತಿದ್ದೇನೆ.

12 ಗಂಟೆ ಹಾರಿಸಿದೆ, ತಡವರಿಕೆ ಇಲ್ಲ. ಲೀನ್ ಮಾಡಿದ್ದೇ ಜಾಸ್ತಿ ಕೆಲಸ ಮಾಡಿದ್ದು ಅಂತಾನೆ ನನ್ನ ಮೆಕ್ಯಾನಿಕ್.