ಪದಚರ್ಚೆ: ‘ರೌಂಡ್’ ಮಾಡುವುದಕ್ಕೆ ಕನ್ನಡದಲ್ಲಿ ಏನೆನ್ನಬೇಕು?

ಮಾನ್ಯರೇ,

ಕ್ಯಾಲ್ಕುಲೇಟರ್ ಮತ್ತು ಸ್ಪ್ರೆಡ್‌ಶೀಟ್ ಬಳಸಿ ಮೂಲ ಲೆಕ್ಕಗಳನ್ನು ಅಭ್ಯಾಸ ಮಾಡಿಸುವ ಪಾಠಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಹಾಳೆಗಳು ನಾಳೆ ಸಂಜೆಯೊಳಗೆ ಅಚ್ಚಿಗೆ ಹೋಗಬೇಕು. ಅಡ್ಡಸಾಲು, ಕಂಬಸಾಲು, ಸೂತ್ರ ಇವುಗಳಲ್ಲಿ ತೊಡಕಿಲ್ಲ. ‘ಸೆಲ್’ ಎಂಬುದನ್ನು ‘ಚೌಕ’ ಎಂದಿಟ್ಟುಕೊಂಡಿದ್ದೇನೆ. ಉಳಿದಿರುವುದು 3.1416 ಎಂಬುದನ್ನು 3.14 ಮಾಡುವ ಕ್ರಿಯೆಯ ಹೆಸರು. ‘ಅಂದಾಜಿಸು’ ಎಂಬ ರೂಢಿಯಿದೆ. ಆದರೆ ಗುಂಡಿ ಒತ್ತುವ ಮೊದಲೇ 398 × 21 ಸುಮಾರು 400 × 20, ಅಂದರೆ 8,000ದ ಆಸುಪಾಸು ಎಂದು ಮನಸ್ಸಿನಲ್ಲೇ ಅಳೆದುಕೊಳ್ಳುವುದನ್ನು ಇದೇ ಪಾಠ ಕಲಿಸುತ್ತದೆ. ಪರದೆಯ ಮೇಲೆ 83,580 ಕಂಡರೆ ಎಲ್ಲೋ ಕೈತಪ್ಪಾಗಿದೆ ಎಂದು ಕಲಿಯುವವರಿಗೆ ಹೊಳೆಯುವುದು ಅದರಿಂದಲೇ. ಅದಕ್ಕೂ ‘ಅಂದಾಜಿಸು’, ಇದಕ್ಕೂ ‘ಅಂದಾಜಿಸು’ ಎಂದರೆ ಒಂದೇ ಪುಟದಲ್ಲಿ ಎರಡು ಕೆಲಸಗಳಿಗೆ ಒಂದೇ ಹೆಸರಾಗುತ್ತದೆ. ದಯವಿಟ್ಟು ಬೇಗ ತಿಳಿಸಿ.

---

> ‘ಅಂದಾಜಿಸು’ ಎಂಬ ರೂಢಿಯಿದೆ.

‘ಅಂದಾಜು’ ಪಾರಸಿಯಿಂದ ಬಂದದ್ದು; ಅದನ್ನು ಎರಡೂ ಕಡೆ ಬಿಡಿ, ತೊಡಕು ತಾನಾಗಿಯೇ ತೀರುತ್ತದೆ. ಮೊದಲನೆಯದಕ್ಕೆ ‘ದುಂಡಿಸು’, ಎರಡನೆಯದಕ್ಕೆ ‘ಊಹಿಸು’ ಎನ್ನಿ. ಇನ್ನೊಂದು ಮಾತು: ತಾವು ನಿಶ್ಚಿಂತೆಯಿಂದ ಬಳಸಿರುವ ‘ಲೆಕ್ಕ’ವೂ ‘ಲೇಖ’ ಶಬ್ದದ ತದ್ಭವ. ಲಕಾರದಿಂದ ತೊಡಗುವ ಅಚ್ಚ ದ್ರಾವಿಡ ಪದಗಳು ವಿರಳವೆಂಬುದು ಇಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ‘ಎಣಿಕೆ’ ಇರುವಾಗ ‘ಲೆಕ್ಕ’ ಏಕೆ?

---

ಏಕೆಂದರೆ ಎಣಿಕೆ ಬೇರೆ, ಲೆಕ್ಕ ಬೇರೆ. ಸ್ಪ್ರೆಡ್‌ಶೀಟಿನಲ್ಲಿ 5, 7, 8 ಎಂದು ಮೂರು ಚೌಕಗಳನ್ನು ತುಂಬಿ ‘ಸಮ್’ ಎಂದರೆ 20 ಬರುತ್ತದೆ, ‘ಕೌಂಟ್’ ಎಂದರೆ 3 ಬರುತ್ತದೆ. ಈ ಎರಡನೆಯದೇ ಎಣಿಕೆ. ಆ ಪದವನ್ನು ಎಲ್ಲ ಲೆಕ್ಕಕ್ಕೂ ಹಂಚಿಬಿಟ್ಟರೆ ‘ಕೌಂಟ್’ ಎಂಬುದಕ್ಕೆ ಮತ್ತೊಂದು ಪದ ಹುಡುಕಬೇಕಾಗುತ್ತದೆ. ಜಮಾ, ಖರ್ಚು, ಬಾಕಿ, ವಸೂಲಿ ಇವೆಲ್ಲ ಹೊರಗಿನಿಂದ ಬಂದು ನಮ್ಮ ಲೆಕ್ಕದ ಪುಸ್ತಕಗಳಲ್ಲಿ ತಲೆಮಾರುಗಳಿಂದ ದುಡಿಯುತ್ತಿರುವ ಪದಗಳು. ಹುಟ್ಟೂರು ಕೇಳಿ ಅವುಗಳನ್ನು ಹೊರಗಟ್ಟುವ ವಾದಕ್ಕೆ ನನ್ನಲ್ಲಿ ತಾಳ್ಮೆಯಿಲ್ಲ. ‘ದುಂಡಿಸು’ ಇಂಗ್ಲಿಷಿನ ರೂಪಕಕ್ಕೆ ಕನ್ನಡದ ಅಂಗಿ ತೊಡಿಸಿದಂತಿದೆ, ಅಷ್ಟೆ. ‘ಊಹಿಸು’ ಸಂಸ್ಕೃತವೆಂಬುದು ಅಚ್ಚಗನ್ನಡದ ಅಭಿಮಾನಿಗಳ ಕಣ್ಣಿಗೆ ಏಕೆ ಬೀಳಲಿಲ್ಲವೋ ತಿಳಿಯದು.

ಪ್ರಶ್ನೆಗೆ ಬರುತ್ತೇನೆ. ‘ಅಂದಾಜು’ ಗುಂಡಿ ಒತ್ತುವ ಮೊದಲಿನ ಕೆಲಸಕ್ಕೇ ಇರಲಿ. ‘ಪೂರ್ಣಾಂಕಗೊಳಿಸು’ ಎಂದು ಯಾರಾದರೂ ಸೂಚಿಸಿದರೆ ಒಪ್ಪಬೇಡಿ, 3.14 ಪೂರ್ಣಾಂಕವಲ್ಲ. ಇಲ್ಲಿ ಒಂದೇ ಪದ ಬೇಕೆಂಬ ಹಟವೂ ಬೇಡ, ಏಕೆಂದರೆ ಚತುರ್ಥಿ ವಿಭಕ್ತಿಯೇ ಕೆಲಸ ಮಾಡಿಕೊಡುತ್ತದೆ: ‘ಸಮೀಪದ ಹತ್ತಕ್ಕೆ ತನ್ನಿ’, ‘ಸಮೀಪದ ನೂರನೆಯ ಒಂದು ಭಾಗಕ್ಕೆ ತನ್ನಿ’. ಎಷ್ಟರ ಸಮೀಪಕ್ಕೆ ಎಂಬುದನ್ನು ಹೇಳದೆ ಈ ವಾಕ್ಯ ಮುಗಿಯುವುದೇ ಇಲ್ಲ, ಲೆಕ್ಕ ಮಾಡುವವರು ಮರೆಯಬಾರದ್ದೂ ಅದೇ. ಉಳಿದ ಅಂಕೆಗಳನ್ನು ನೋಡದೆ ಕತ್ತರಿಸುವುದು ‘ಮೊಟಕುಗೊಳಿಸು’: 2.78 ಮೊಟಕಾದರೆ 2.7, ಸಮೀಪದ ಹತ್ತನೆಯ ಒಂದು ಭಾಗಕ್ಕೆ ಬಂದರೆ 2.8.

ತಾವು ಕೇಳದಿದ್ದರೂ ಒಂದನ್ನು ಹೇಳಲೇಬೇಕು. ಎರಡು ಚೌಕಗಳಲ್ಲಿ 1.4, 1.4 ಎಂದು ಬರೆದು, ಮೊತ್ತದ ಚೌಕವನ್ನೂ ಸೇರಿಸಿ ದಶಮಾಂಶ ಕಾಣದಂತೆ ಮಾಡಿದರೆ, 1 ಮತ್ತು 1 ಕೂಡಿ 3 ಆದಂತೆ ಕಾಣುತ್ತದೆ, ಏಕೆಂದರೆ ಒಳಗಿರುವ ಮೊತ್ತ 2.8. ಅಲ್ಲಿ ಬದಲಾದದ್ದು ತೋರಿಕೆ ಮಾತ್ರ, ಬೆಲೆಯಲ್ಲ. ಈ ಎರಡಕ್ಕೂ ಒಂದೇ ಕ್ರಿಯಾಪದ ಬಳಸಿದ ಅನುವಾದಗಳನ್ನು ಓದಿ ಬೇಸತ್ತಿದ್ದೇನೆ.

---

ಉಪಕಾರವಾಯಿತು. ಸೂಚನೆಗಳಲ್ಲೆಲ್ಲ ‘ಸಮೀಪಕ್ಕೆ ತನ್ನಿ’ ಎಂದೇ ಬರೆಯುತ್ತೇನೆ. ಸೂತ್ರದಲ್ಲಿ ಇಂಗ್ಲಿಷ್ ಹೆಸರನ್ನೇ ಟೈಪಿಸಬೇಕಾದ್ದರಿಂದ ಮೊದಲ ಸಲ ‘ರೌಂಡ್’ ಎಂಬುದನ್ನೂ ಪಕ್ಕದಲ್ಲಿ ಕೊಡುತ್ತೇನೆ. 1.4ರ ಉದಾಹರಣೆ ಮೂಲದಲ್ಲಿಲ್ಲ, ಆದರೂ ಅಭ್ಯಾಸದ ಕೊನೆಯ ಪ್ರಶ್ನೆಯಾಗಿ ಸೇರಿಸುತ್ತಿದ್ದೇನೆ. ‘ಲೆಕ್ಕ’ ಹಾಗೆಯೇ ಉಳಿಯುತ್ತದೆ.