ಬೆನ್ನುಹುರಿ ಪೆಟ್ಟಾದವರ ಮೂಳೆ ಟೊಳ್ಳಾಗುವುದು: ಮೇಡಂ ಜೊತೆ ಪ್ರಶ್ನೋತ್ತರ

ಅಡ್ಮಿನ್: ಇವತ್ತು ಸಂಜೆ 7ರಿಂದ ದಾವಣಗೆರೆಯ ಪುನಶ್ಚೇತನ ವೈದ್ಯೆ ಮೇಡಂ ಉತ್ತರ ಕೊಡ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ಪ್ರಶ್ನೆ ಜೊತೆ ನಿಮ್ಮ ಊರು ಹಾಕಿ. ರಿಪೋರ್ಟ್ ಫೋಟೋದಲ್ಲಿ ಹೆಸರು ಮುಚ್ಚಿ.

ಹರಿಹರ: ನಮಸ್ಕಾರ ಮೇಡಂ. ಅಪ್ಪಾಜಿಗೆ ಸೊಂಟದ ಕೆಳಗೆ ಸ್ವಾಧೀನ ಇಲ್ಲ, 5 ತಿಂಗಳಾಯ್ತು. ಪೆಟ್ಟು ಬಿದ್ದಿದ್ದು ಬೆನ್ನಿಗೆ, ಕಾಲಿನ ಮೂಳೆ ಯಾಕೆ ಟೊಳ್ಳಾಗುತ್ತೆ? ಮುದ್ದೆ, ಹಾಲು ಕೊಟ್ರೆ ಸಾಕಾ?

ಮೇಡಂ: ನಮಸ್ಕಾರ. ಮೂಳೆ ದಿನಾ ಒಂದು ಕಡೆ ಕರಗ್ತಾ, ಇನ್ನೊಂದು ಕಡೆ ಕಟ್ಕೊಳ್ತಾ ಇರುತ್ತೆ. ಮೈಭಾರ ಬಿದ್ದು, ಸ್ನಾಯು ಎಳೆದಾಗ ಕಟ್ಟೋ ಕೆಲಸ ಸರಿಯಾಗಿ ನಡೆಯುತ್ತೆ. ಹುರಿಗೆ ಪೆಟ್ಟಾದ ಕೆಲವೇ ವಾರಗಳಲ್ಲಿ ಕರಗೋದು ಜೋರಾಗುತ್ತೆ, ಅದೂ ಪೆಟ್ಟಿನ ಕೆಳಗಿನ ಮೂಳೆಗಳಲ್ಲಿ. ಮಂಡಿಯ ಸುತ್ತ ಅತಿ ಹೆಚ್ಚು. ಅಲ್ಲಿ ಮೊದಲ ಎರಡು ಮೂರು ವರ್ಷದಲ್ಲಿ ಮೂರನೇ ಒಂದು ಭಾಗದಿಂದ ಅರ್ಧದವರೆಗೂ ಹೋಗಬಹುದು. ಕರಗಿದ ಕ್ಯಾಲ್ಸಿಯಂ ಮೂತ್ರದಲ್ಲಿ ಹರಿದು ಹೋಗುತ್ತೆ. ಊಟ ಕಡಿಮೆಯಾಗಿ ಬಂದಿದ್ದಲ್ಲ ಇದು, ಹಾಗಾಗಿ ಊಟವೊಂದರಿಂದಲೇ ನಿಲ್ಲೋದೂ ಇಲ್ಲ.

ಮುದ್ದೆ, ಹಾಲು, ಮೊಸರು ಎಂದಿನಂತೆ ಕೊಡಿ. ದಿನಕ್ಕೆ ಸುಮಾರು 1000 ಮಿಲಿಗ್ರಾಂ ಕ್ಯಾಲ್ಸಿಯಂ ಊಟದಲ್ಲೇ ಬಂದರೆ ಸಾಕು. 100 ಗ್ರಾಂ ರಾಗಿ ಹಿಟ್ಟಲ್ಲಿ 350ರ ಆಸುಪಾಸು, ಕಾಲು ಲೀಟರ್ ಹಾಲಲ್ಲಿ 300 ಸಿಗುತ್ತೆ. ವಿಟಮಿನ್ ಡಿ ಪರೀಕ್ಷೆ ಮಾಡಿಸಿ, 30ಕ್ಕಿಂತ ಕಡಿಮೆ ಇದ್ದರೆ ಅದನ್ನು ಸರಿ ಮಾಡಬೇಕು. ಕ್ಯಾಲ್ಸಿಯಂ ಮಾತ್ರೆ ನೀವಾಗೇ ಶುರು ಮಾಡಬೇಡಿ. ಮೂತ್ರದಲ್ಲಿ ಈಗಾಗಲೇ ಹೆಚ್ಚು ಹೋಗ್ತಿದೆ, ಕಲ್ಲಾಗುತ್ತೆ.

ಹೊಳಲ್ಕೆರೆ: ಫಾರ್ವರ್ಡ್: ಎಲೆ ಅಡಿಕೆಗೆ ಹಚ್ಚೋ ಸುಣ್ಣ ಗೋಧಿ ಕಾಳಿನಷ್ಟು ಮೊಸರಲ್ಲಿ ಕಲಸಿ ಬರೀ ಹೊಟ್ಟೆಗೆ, ಜೊತೆಗೆ ಮಂಗರವಳ್ಳಿ ಚಟ್ನಿ, 21 ದಿನ. ಟೊಳ್ಳು ಮೂಳೆ ಕಬ್ಬಿಣ ಆಗುತ್ತೆ. ಎಲ್ಲರಿಗೂ ತಲುಪಿಸಿ 🙏

ಚನ್ನಗಿರಿ: ಮೇಡಂ ಅರ್ಜೆಂಟು. ನನ್ನ ತಮ್ಮ ಅಡಿಕೆ ಮರದಿಂದ ಬಿದ್ದು ಡಿ4 (ಎದೆ ಭಾಗದ ಬೆನ್ನಿನ 4ನೇ ಮಟ್ಟ) ಪೆಟ್ಟು, 14 ತಿಂಗಳು. ನಿನ್ನೆ ಕಾಲು ಮಡಚಿ ವ್ಯಾಯಾಮ ಮಾಡಿಸುವಾಗ ಟಕ್ ಅಂತ ಸದ್ದು ಬಂತು. ಇವತ್ತು ಎಡ ಮಂಡಿ ಮೇಲ್ಗಡೆ ಊದಿದೆ, ಮುಟ್ಟಿದ್ರೆ ಬಿಸಿ. ನೋವಿಲ್ಲ ಅಂತಾನೆ. ಕಾಲು ಜಾಸ್ತಿ ಸೆಟೆದುಕೊಳ್ತಿದೆ. ಸಂಜೆಯಿಂದ ತಲೆನೋವು, ಮುಖ ಕೆಂಪಗಾಗಿ ಬೆವರ್ತಿದೆ. ಬಿಸಿ ಎಣ್ಣೆ ಹಚ್ಚಿ ತಿಕ್ಕಿದೀವಿ.

ಮೇಡಂ: ತಿಕ್ಕೋದು ಈಗಲೇ ನಿಲ್ಲಿಸಿ. ಶಾಖವೂ ಬೇಡ, ಸ್ಪರ್ಶ ಗೊತ್ತಾಗದ ಚರ್ಮ ಸುಟ್ಟರೂ ಅವನಿಗೆ ತಿಳಿಯಲ್ಲ. ಆ ಮಂಡಿಯನ್ನು ಮತ್ತೆ ಮಡಚಬೇಡಿ.

ಮೊದಲು ತಲೆನೋವಿನ ವಿಷಯ. ಡಿ6 ಮತ್ತು ಅದಕ್ಕಿಂತ ಮೇಲೆ ಪೆಟ್ಟಾದವರಿಗೆ ಕೆಳಗೆ ಎಲ್ಲಾದರೂ ಏಟಾದರೆ ಬಿಪಿ ಏಕಾಏಕಿ ಏರಬಹುದು, ಇದಕ್ಕೆ ಅಟಾನಮಿಕ್ ಡಿಸ್‌ರಿಫ್ಲೆಕ್ಸಿಯಾ ಅಂತಾರೆ. ತಲೆನೋವು, ಮುಖದ ಬೆವರು ಅದರದ್ದೇ ಗುರುತು. ಬೆನ್ನಿಗೆ ದಿಂಬು ಕೊಟ್ಟು ಎತ್ತಿ ಕೂರಿಸಿ. ಬೆಲ್ಟು, ಲಾಡಿ, ಬಿಗಿ ಕಾಲುಚೀಲ ಸಡಿಲ ಮಾಡಿ. ಮೂತ್ರದ ಪೈಪು ಮಡಚಿದೆಯಾ, ಚೀಲ ತುಂಬಿದೆಯಾ ನೋಡಿ. 5 ನಿಮಿಷಕ್ಕೊಮ್ಮೆ ಬಿಪಿ ನೋಡ್ತಾ ಇರಿ. ಅವನ ಮಾಮೂಲಿ ಬಿಪಿ 100ರ ಹತ್ತಿರ ಇದ್ದರೆ 130 ಕೂಡ ಅವನಿಗೆ ಜಾಸ್ತಿನೇ. 130 ನಾರ್ಮಲ್ ಅಂತ ಯಾರಾದರೂ ಕಳಿಸಿಬಿಟ್ಟರೆ ಒಪ್ಪಬೇಡಿ.

ಈಗ ಕಾಲು. ತೊಡೆ ಮೂಳೆ ಮಂಡಿಯ ಸ್ವಲ್ಪ ಮೇಲೆ ಮುರಿದಿರಬಹುದು. ಟೊಳ್ಳಾದ ಮೂಳೆಗೆ ಬೀಳಲೇಬೇಕಂತಿಲ್ಲ, ಸೆಟೆದ ಕಾಲನ್ನು ಒತ್ತಿ ಮಡಚಿದರೂ, ಹಾಸಿಗೆಯಲ್ಲಿ ಮಗ್ಗುಲು ಹೊರಳಿಸುವಾಗ ಪಾದ ಸಿಕ್ಕಿಕೊಂಡರೂ ಸಾಕು. ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದರೂ ಹೀಗೇ ಊದುತ್ತೆ. ತಿಕ್ಕಿದರೆ ಆ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋಗಬಹುದು, ಪ್ರಾಣಕ್ಕೇ ಅಪಾಯ. ಅದಕ್ಕೇ ಎಕ್ಸ್‌ರೇ, ರಕ್ತನಾಳ ನೋಡೋ ಡಾಪ್ಲರ್ ಸ್ಕ್ಯಾನ್ ಎರಡೂ ಬೇಕು.

ಮಂಡಿ ಈಗ ಹೇಗಿದೆಯೋ ಹಾಗೇ ಇರಲಿ, ನೇರ ಮಾಡೋಕೆ ಹೋಗಬೇಡಿ. ಎರಡೂ ಕಡೆ ದಿಂಬು ಇಟ್ಟು ಅಗಲ ಬಟ್ಟೆಯಿಂದ ಸಡಿಲವಾಗಿ ಕಟ್ಟಿ, ಹಿಮ್ಮಡಿ ಏನಕ್ಕೂ ತಾಗದ ಹಾಗೆ ಇರಲಿ. 108ಕ್ಕೆ ಫೋನ್ ಮಾಡಿ. ಆಸ್ಪತ್ರೆಯಲ್ಲಿ ಸೊಂಟದ ಕೀಲಿಂದ ಪಾದದ ಕೀಲಿನವರೆಗೆ, ಮುಂದಿನಿಂದ ಮತ್ತು ಪಕ್ಕದಿಂದ ಎಕ್ಸ್‌ರೇ ಕೇಳಿ. ಬರೀ ಮಂಡಿ ತೆಗೆದರೆ ಮೇಲಿನ ಮುರಿತ ತಪ್ಪಿಹೋಗುತ್ತೆ. 'ಡಿ4 ಪೇಷಂಟ್, ಅಟಾನಮಿಕ್ ಡಿಸ್‌ರಿಫ್ಲೆಕ್ಸಿಯಾ ಅನುಮಾನ' ಅಂತ ಡ್ಯೂಟಿ ಡಾಕ್ಟರಿಗೆ ಇದೇ ಮಾತಲ್ಲಿ ಹೇಳಿ. ಹೊರಟ ತಕ್ಷಣ ಬಿಪಿ ಎಷ್ಟಿದೆ ಅಂತ ಇಲ್ಲಿ ಹಾಕಿ.

ಹೊನ್ನಾಳಿ: ಮೇಡಂ ರಾಗಿ ಮುದ್ದೆ ತಿಂದ್ರೆ ಮೂಳೆ ಗಟ್ಟಿ ಆಗುತ್ತಾ?

ಮೇಡಂ: ಮೇಲೆ ಬರೆದಿದೀನಿ.

ಹಿರಿಯೂರು: ಕರೆಂಟ್ ಕೊಟ್ಟು ಕಾಲಲ್ಲಿ ತುಳಿಸೋ ಸೈಕಲ್ ದಾವಣಗೆರೆಯಲ್ಲಿ ಎಲ್ಲಿ ಸಿಗುತ್ತೆ? ರೇಟ್ ಎಷ್ಟು?

ಮೊಳಕಾಲ್ಮೂರು: ಮೇಡಂ, ಅಣ್ಣನಿಗೆ ಪೆಟ್ಟಾಗಿ 4 ವರ್ಷ. ಮೂಳೆ ಎಷ್ಟು ದಟ್ಟ ಅಂತ ಅಳೆಯೋ ಡೆಕ್ಸಾ ಸ್ಕ್ಯಾನ್ ಬರೀ ಬೆನ್ನಿಗೆ ಮಾಡಿದ್ರು, ಸ್ಕೋರ್ ಪ್ಲಸ್ 0.8 ಬಂದಿದೆ. ಮೂಳೆ ಚೆನ್ನಾಗಿದೆ, ಔಷಧಿ ಬೇಡ ಅಂದ್ರು. ನಮ್ಮ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಇದೆ.

ಮೇಡಂ: ಆ ರಿಪೋರ್ಟ್ ನಂಬಿ ಕೂರಬೇಡಿ. ಗಾಲಿಕುರ್ಚಿಯಲ್ಲಿ ಕೂತಾಗ ಬೆನ್ನುಮೂಳೆ ಮೇಲೆ ಭಾರ ಬೀಳ್ತಾನೇ ಇರುತ್ತೆ, ಅದು ಅಷ್ಟಾಗಿ ಕರಗಲ್ಲ. ಆಪರೇಷನ್ ಆಗಿದ್ದರೆ ಅಲ್ಲಿನ ರಾಡು, ಸ್ಕ್ರೂ ಕೂಡ ಲೆಕ್ಕ ಏರಿಸ್ತವೆ. ಜೊತೆಗೆ ಫ್ಲೋರೈಡ್. ನಿಮ್ಮ ಭಾಗದಲ್ಲಿ ಇದು ಬಹಳ ಮುಖ್ಯ. ಫ್ಲೋರೈಡ್ ಸೇರಿದ ಮೂಳೆ ಸ್ಕ್ಯಾನಲ್ಲಿ ದಟ್ಟವಾಗಿ ಕಾಣುತ್ತೆ, ಆದರೆ ಪೆಡಸು, ಬೇಗ ಮುರಿಯುತ್ತೆ. ಸೊಂಟದ ಕೀಲು, ತೊಡೆ ಮೂಳೆಯ ಕೆಳತುದಿ, ಮೊಣಕಾಲಿನ ಕೆಳಗಿನ ಮೂಳೆಯ ಮೇಲ್ತುದಿ, ಈ ಮೂರೂ ಸ್ಕ್ಯಾನ್ ಆಗಬೇಕು. ಮಂಡಿಯದ್ದು ಮಾಡಲ್ಲ ಅಂದರೆ ಸೊಂಟದ್ದಾದರೂ ಮಾಡಿಸಿ. ಕುಡಿಯೋಕೆ, ಅಡುಗೆಗೆ ಶುದ್ಧ ನೀರಿನ ಘಟಕದ ನೀರು ತನ್ನಿ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಬೇಡ. ಕುದಿಸಿದರೆ ಫ್ಲೋರೈಡ್ ಹೋಗಲ್ಲ.

ಹೊಳಲ್ಕೆರೆ: ಸುಣ್ಣದ ಬಗ್ಗೆ ಮೇಡಂ ಏನೂ ಹೇಳಲಿಲ್ಲ. ನಮ್ಮ ಹಿರಿಯರು ಇದರಿಂದಲೇ ಗಟ್ಟಿಯಾಗಿದ್ರು.

ಭರಮಸಾಗರ: ನಿಮ್ಮ ಹಿರಿಯರು ಹೊಲದಲ್ಲಿ ದುಡೀತಿದ್ರು ಕಣ್ರಿ. ಕಾಲಿಗೆ ಸ್ವಾಧೀನ ಇಲ್ಲದೋರಿಗೂ ಅವರಿಗೂ ಹೋಲಿಕೆ ಮಾಡ್ತೀರಲ್ಲ.

ಹೊಳಲ್ಕೆರೆ: ಇಂಗ್ಲಿಷ್ ಔಷಧಿ ಅಂದ್ರೆ ಎಲ್ಲರಿಗೂ ಭಕ್ತಿ. ಮಂಗರವಳ್ಳಿಗೆ ಏನ್ ಕಡಿಮೆ ಆಗಿದೆ?

ಮೇಡಂ: ಮಂಗರವಳ್ಳಿ ಚಟ್ನಿ ಊಟದ ಜೊತೆ ತಿನ್ನಲಿ, ತಕರಾರಿಲ್ಲ. ಅದರಿಂದ ಈ ಮೂಳೆ ಕರಗೋದು ನಿಲ್ಲಲ್ಲ. ಸುಣ್ಣ ಕೊಡಬೇಡಿ. ಅದು ಕ್ಷಾರ, ಬಾಯಿ, ಅನ್ನನಾಳ ಸುಡುತ್ತೆ. ಎಷ್ಟು ಕ್ಯಾಲ್ಸಿಯಂ ಹೋಯ್ತು ಅನ್ನೋ ಲೆಕ್ಕವೂ ಸಿಗಲ್ಲ. ಕ್ಯಾತಿಟರ್ (ಮೂತ್ರದ ಪೈಪು) ಇರೋರಿಗೆ ಮೂತ್ರಕೋಶದ ಕಲ್ಲು ಮೊದಲೇ ಜಾಸ್ತಿ. ಆ ಮೆಸೇಜ್ ಅಳಿಸಿ.

ದಾವಣಗೆರೆ: ವರ್ಷಕ್ಕೊಂದು ಇಂಜೆಕ್ಷನ್ ಇದೆಯಂತಲ್ಲ ಮೇಡಂ?

ಮೇಡಂ: ಝೊಲೆಡ್ರೋನಿಕ್ ಆಸಿಡ್ 5 ಮಿಲಿಗ್ರಾಂ, ಡ್ರಿಪ್‌ನಲ್ಲಿ ಕನಿಷ್ಠ 15 ನಿಮಿಷ. ಪೆಟ್ಟಾದ ಮೊದಲ ತಿಂಗಳುಗಳಲ್ಲಿ ಕೊಟ್ಟರೆ ಸೊಂಟದ ಮೂಳೆಗೆ ಒಳ್ಳೇ ರಕ್ಷಣೆ, ಮಂಡಿಗೆ ಅಷ್ಟಿಲ್ಲ. ಮೊದಲು ಕ್ರಿಯಾಟಿನಿನ್ (ಕಿಡ್ನಿ ಪರೀಕ್ಷೆ), ಕ್ಯಾಲ್ಸಿಯಂ, ವಿಟಮಿನ್ ಡಿ ನೋಡಲೇಬೇಕು. ಡಿ ಕಡಿಮೆ ಇರುವಾಗ ಕೊಟ್ಟರೆ ರಕ್ತದ ಕ್ಯಾಲ್ಸಿಯಂ ಕುಸಿಯುತ್ತೆ. ಹಲ್ಲು ಕೀಳಿಸೋದಿದ್ದರೆ ಇಂಜೆಕ್ಷನ್‌ಗೆ ಮೊದಲೇ ಕೀಳಿಸಿ. ಎರಡು ಮೂರು ದಿನ ಜ್ವರ, ಮೈಕೈ ನೋವು ಬರಬಹುದು. 6 ತಿಂಗಳಿಗೊಮ್ಮೆ ಕೊಡೋ ಡೆನೊಸುಮ್ಯಾಬ್ ಬೇರೆ, ಅದನ್ನು ಅರ್ಧಕ್ಕೆ ಬಿಟ್ಟರೆ ಉಳಿಸಿದ್ದ ಮೂಳೆ ಬೇಗ ಕರಗುತ್ತೆ.

ಚಳ್ಳಕೆರೆ: ನಮ್ಮ ಭಾವನಿಗೆ 9 ವರ್ಷ ಆಯ್ತು, ಆಸರೆ ಕೊಟ್ಟು ನಿಲ್ಲಿಸೋ ಸ್ಟ್ಯಾಂಡಿಂಗ್ ಫ್ರೇಮ್ ತಂದಿದೀವಿ, ನಾಳೆಯಿಂದ ನಿಲ್ಲಿಸ್ತೀವಿ.

ಮೇಡಂ: ನಾಳೆ ಬೇಡ. ಸ್ಕ್ಯಾನ್, ಎಕ್ಸ್‌ರೇ ಆಗಲಿ.

ಚಳ್ಳಕೆರೆ: ದುಡ್ಡು ಕೊಟ್ಟು ತಂದಿದೀವಲ್ಲ ಮೇಡಂ. ದಿನಾ ನಿಂತರೆ ಮೂಳೆ ವಾಪಸ್ ಬರುತ್ತೆ ಅಂದ್ರು ಅಂಗಡಿಯವರು.

ಮೇಡಂ: ಕಳೆದುಹೋದ ಮೂಳೆ ನಿಲ್ಲಿಸಿದ ಮಾತ್ರಕ್ಕೆ ವಾಪಸ್ ಬರಲ್ಲ. ಅಂಗಡಿಯವರು ಹೇಳಿದ್ದನ್ನು ನನ್ನ ಹತ್ತಿರ ವಾದ ಮಾಡಬೇಡಿ.

ಹರಿಹರ: ಮೇಡಂ, ಅಂಗವಿಕಲರ ಕಾರ್ಡಿಗೆ ಈ ಸ್ಕ್ಯಾನ್ ಬೇಕಾ?

ಹೊಳಲ್ಕೆರೆ: ಸುಣ್ಣ ತಿಂದು ಸತ್ತವರನ್ನು ತೋರಿಸಿ ನೋಡೋಣ.

ಭರಮಸಾಗರ: ಏನ್ರೀ ಮಾತು ಇದು, ಅಲ್ಲೊಬ್ಬ ಹುಡುಗನ ಕಾಲು ಮುರಿದು ಕೂತಿದೆ.

ಅಡ್ಮಿನ್: ಹೊಳಲ್ಕೆರೆಯವರು ಸುಮ್ಮನಿರಿ. ಇನ್ನೊಂದು ಮೆಸೇಜ್ ಬಂದರೆ ತೆಗೀತೀನಿ.

ಚನ್ನಗಿರಿ: ಹೊರಡುವಾಗ ಬಿಪಿ 160 ಇತ್ತು, ಪೈಪು ತೊಡೆ ಕೆಳಗೆ ಮಡಚಿತ್ತು, ಸರಿ ಮಾಡಿದ ಮೇಲೆ 138. ಆಸ್ಪತ್ರೆಯಲ್ಲಿದೀವಿ. ಮಂಡಿ ಮೇಲೆ ಮುರಿದಿದೆ, ಡಾಪ್ಲರ್‌ನಲ್ಲಿ ಹೆಪ್ಪಿಲ್ಲ. ತೊಡೆಯಿಂದ ಪಾದದವರೆಗೆ ಪ್ಲಾಸ್ಟರ್ ಅಂತಿದಾರೆ.

ಮೇಡಂ: ಸುತ್ತ ಗಟ್ಟಿ ಪ್ಲಾಸ್ಟರ್ ಆದರೆ ಒಳಗೆ ಹುಣ್ಣಾದರೂ ಅವನಿಗೆ ಗೊತ್ತಾಗಲ್ಲ. ದಪ್ಪ ಹತ್ತಿ ಹಾಕಿ, ಎರಡು ಹೋಳು ಮಾಡಿ ಬಿಚ್ಚಿ ನೋಡೋ ಹಾಗೆ ಹಾಕೋಕಾಗುತ್ತಾ ಕೇಳಿ. ಹಿಮ್ಮಡಿ, ಮಂಡಿ ಚಿಪ್ಪು, ಪಾದದ ಗಂಟು ದಿನಕ್ಕೆರಡು ಸಲ ಬಿಚ್ಚಿ ನೋಡಬೇಕು, ಕೆಂಪು 30 ನಿಮಿಷದಲ್ಲಿ ಮಾಯ ಆಗದಿದ್ದರೆ ಪ್ಲಾಸ್ಟರ್ ಅಲ್ಲಿ ಒತ್ತುತ್ತಿದೆ ಅಂತ. ಆಪರೇಷನ್ ಬೇಕಾ ಅನ್ನೋದು ಮೂಳೆ ಎಷ್ಟು ಜರುಗಿದೆ ಅನ್ನೋದರ ಮೇಲೆ, ಅದನ್ನು ಅಲ್ಲಿನವರು ಹೇಳ್ತಾರೆ. ಹೆಪ್ಪುಗಟ್ಟದ ಹಾಗೆ ಇಂಜೆಕ್ಷನ್ ಕೊಡ್ತಾರಾ ಅಂತಲೂ ಕೇಳಿ. 138 ಇನ್ನೂ ಇಳೀಬೇಕು, ಕೂರಿಸಿಯೇ ಇರಿ. ಎಕ್ಸ್‌ರೇ ಫೋಟೋ ನನಗೆ ಕಳಿಸಿ.